ಬಾರದಾನ ಕಳೆದು

ಮಾರ್ಚ್ ತಿಂಗಳು. ಒಂಬತ್ತು ಹೊಡದು ಹತ್ತು ನಿಮಿಷ.
ಉಮದಿ ದಾರಿಯ ಬೇದಾಣಿ ಶೆಡ್ಡಿನ ಹಸಿರು ಜಾಳಿಗಿ ಮ್ಯಾಲ
ಏನೋ ಬಂದು ಕುಂತಿತು, ಸಪ್ಪಳಿಲ್ಲದ.
ಒಳಗ ಹನ್ನೊಂದು ಸಾಲು ದ್ರಾಕ್ಷಿ
ತಮ್ಮ ಪಾಡಿಗೆ ತಾವು ಒಣಗತಿದ್ದವು.

"ಯಾರದೋ ಮದಿವಿ ಪೆಂಡಾಲ ಹಾರಿ ಬಂದೈತಿ" ಅಂದಳು ಸಾಯವ್ವ.
ಮುಟ್ಟಿದರ ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳು,
ಹಿಡಿದರ ಹಿಡಿದಂಗಿಲ್ಲ.
ಆಚೆ ಜಾಲಿಗಿಡದಾಗ ಕೆಂಪು ಛತ್ರಿ, ಅದಕ್ಕ ಜೋತುಬಿದ್ದ ಬಿಳಿ ಡಬ್ಬಿ.
ಡಬ್ಬಿ ಮ್ಯಾಲ ಐದು ಭಾಷಾದಾಗ ಚೀಟಿ:
ಮರಾಠಿ, ಹಿಂದಿ, ತೆಲುಗು, ಇಂಗ್ಲಿಷು,
ಕಡೀಕ ಕನ್ನಡ, ಒಂದ ಸಾಲು: "ಮುಟಬೇಡಿ, ಅಪಾಯವಿಲ್ಲ."
ಒತ್ತಕ್ಷರ ಒಂದು ಕಡಿಮಿ.
ಹಗುರ ಆಗಲಿ ಅಂತ ಬಿಟ್ಟಿದ್ದರೇನೋ.

ನಾನು ಮಾಳಕರಿ. ಇಪ್ಪತ್ತೆರಡು ವರ್ಷದಿಂದ ಇಲ್ಲಿಯ ಕಾಟಾದವ.
ತೂಗದ ಏನನ್ನೂ ಒಳಗ ಬಿಟ್ಟವನಲ್ಲ.
ಎಂಟು ಮಂದಿ ಹೆಂಗಸರು ಕೌದಿ ಮಡಿಚಿದಂಗ ಅದನ್ನ ಮಡಿಚಿದರು.
ಏಳು ಕೇಜಿ ನಾಕುನೂರಾ ಹತ್ತು.
ಡಬ್ಬಿ ಬ್ಯಾರೆ: ಮೂರು ಎರಡುನೂರು.
ಎರಡೂ ಕೂಡಿ ಒಂದು ಪೆಟ್ಟಿಗಿ ಬೇದಾಣಿಗೆ ಸಮ ಇಲ್ಲ.
ವಹಿಯಾಗ ತಾರೀಖು ಬರದೆ, ತೂಕ ಬರದೆ,
"ಮಾಲಿನ ಹೆಸರು" ಅನ್ನೂ ಕಡಿ
ಪೆನ್ನು ನಿಂತಿತು.

ಮಧ್ಯಾಹ್ನ ಹೈದರಾಬಾದಿಂದ ಜೀಪು ಬಂತು.
ಇಳಿದಾಕಿ ಸಫೂರಾ, ನನ್ನ ಸಣ್ಣ ಮಗಳ ವಾರಗಿ.
ಆಕಿ ದಖನಿ, ನನ್ನ ಮರಾಠಿ,
ನಡುವ ಡ್ರೈವರನ ಕನ್ನಡ, ಗುಟಕಾ ತುಂಬಿದ್ದು.

ನಸಿಕಿನ್ಯಾಗ ನಾಕಕ್ಕ ಬಿಟ್ಟಿದ್ದರಂತ.
ಬಿಡೂವಾಗ ತುದಿಗಷ್ಟ ಗಾಳಿ,
ಉಳಿದದ್ದು ಒಣಹಾಕಿದ ಸೀರಿಯಂಗ ಕೆಳಗ ಜೋತು.
ಏರಿದಂಗೆಲ್ಲ ತಾನ ಉಬ್ಬತೈತಿ.
ಮೂವತ್ತು ಕಿಲೋಮೀಟರ ಮ್ಯಾಲ
ಮಟಮಟ ಹಗಲಿನ್ಯಾಗ ಆಕಾಶ ಕರಿದಂತ.

"ಬಾರದಾನ ಕಳದು ಹೇಳವ್ವ," ಅಂದೆ, "ಅಲ್ಲಿ ಗಾಳಿ ಎಷ್ಟು?"
ಬಾರದಾನ ಅಂದರ?
ಚೀಲದ ತೂಕ. ಮಾಲಲ್ಲದ ತೂಕ.
ಆಕಿ ಭಾಳ ಹೊತ್ತು ವಿಚಾರ ಮಾಡಿದಳು.
"ನೂರರಾಗ ಒಂದು ಪಾಲು. ಉಳಿದದ್ದೆಲ್ಲ ಇಲ್ಲೇ, ಕೆಳಗ.
ನಿಮ್ಮ ಕಾಟಾದ ತಟ್ಟಿ ಖಾಲಿ ಐತೆಲ್ಲ,
ಅದರ ಮ್ಯಾಲ ಈಗ ಮೂರೂವರಿ ಟನ್ ಗಾಳಿ ಕುಂತೈತಿ.
ಕೆಳಗಿಂದನೂ ಅಷ್ಟ ಒತ್ತತೈತಿ.
ಅದಕ್ಕ ಸೊನ್ನಿ ತೋರಸತೈತಿ."

ಡಬ್ಬಿ ಬಿಚ್ಚಿ ಉಗುರಿನಷ್ಟು ಜರಡಿ ತೋರಿಸಿದಳು:
ಮ್ಯಾಲ ತಿರುಗೂ ಗಂಧಕದ ಹುಡಿ ಹಿಡಿಯಾಕ.
ಯಾವುದೋ ಸಮುದ್ರದಾಗ ಬೆಂಕಿಗುಡ್ಡ ಸಿಡದು
ವರ್ಷೊಪ್ಪತ್ತಾದರೂ ಇಳಿದಿಲ್ಲಂತ.
ಗಂಧಕ ಅಂದಕೂಡಲೆ ಹೆಂಗಸರು ನಕ್ಕರು.
ಎಂಟನೇ ಖೋಲಿಯಾಗ ಆಗ ಅದನ್ನ ಸುಡತಿದ್ದೆವು,
ದ್ರಾಕ್ಷಿಗೆ ಬಂಗಾರದ ಬಣ್ಣ ಬರಬೇಕಲ್ಲ.
ಸಾಯವ್ವ ಕೆಮ್ಮಿ, ಸುಧಾರಿಸಿಕೊಂಡು ಕೇಳಿದಳು:
"ನಮ್ಮದೂ ಅಲ್ಲಿಮಟ ಹೋಗತೈತೇನು?"
"ಇಲ್ಲ. ಮಳಿ ಬಂದು ತೊಳೀತೈತಿ."
"ಮಳಿ?" ಅಂದಳು ಸಾಯವ್ವ. "ಉಮದಿಗೆ?"
ಹುಡುಗಿ ನಗಲಿಲ್ಲ. ಏನೋ ಬರಕೊಂಡಳು.

ಜೀಪಿಗೆ ಹೇರೂವಾಗ ನನ್ನ ಚೀಟಿ ನೋಡಿ ನಿಂತಳು.
ಹೋಗೂವಾಗ ಏಳು ಆರುನೂರು ಇತ್ತಂತ.
ನೂರಾ ತೊಂಬತ್ತು ಗ್ರಾಮ ಎಲ್ಲಿ?
ನನ್ನ ಕಾಟಾ ಸುಳ್ಳ ಹೇಳೂದಿಲ್ಲ.
ಸಾಯವ್ವ ಸೆರಗು ಬಿಗಿ ಮಾಡಿಕೊಂಡು ನೆಲ ನೋಡತಿದ್ದಳು.
"ದಾರಿಯಾಗ ಗಾಳಿ ಹರಕೊಂಡಿರಬೇಕು" ಅಂದೆ.
ಆಕಿ ಅದನ್ನೂ ಬರಕೊಂಡಳು.

ಮರುದಿನ ಎಂಟನೇ ಖೋಲಿ ಬಾಗಿಲಸಂದಿಗೆ
ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳುವಾದ ಒಂದು ಪಟ್ಟಿ,
ಹೊಗಿ ಹೊರಗ ಬರದಂಗ, ಕಣಕ ಹಚ್ಚಿ ಅಂಟಿಸಿದ್ದು.
ಉಬ್ಬತಿತ್ತು, ಇಳೀತಿತ್ತು.

ಕಾಟಾ ಚಾಲೂ ಮಾಡಿದೆ. ಸೊನ್ನಿ ಬಂತು.
ಪಾಳಿಯಾಗ ಪೆಟ್ಟಿಗಿ ಹೊತ್ತವರು ನಿಂತಿದ್ದರು.
ನಾ ಆ ಸೊನ್ನಿನ್ನ ನೋಡಕೋತ ಕುಂತೆ.
"ತೂಗೋ ಮಾರಾಯಾ," ಅಂದಳು ಸಾಯವ್ವ,
"ತಲಿ ಮ್ಯಾಲ ಭಾರ ಐತಿ."